ಮಕ್ಕಳ ತಲೆಯ ಹೇನು: ನಾನು ಬಾಚಿ ತೆಗೆದ ಬಗೆ

ಹೇನಿಗೆ ಔಷಧಿ ಹುಡುಕುವ ಮೊದಲು ಒಂದು ಒಳ್ಳೆ ಬಾಚಣಿಗೆ ಹುಡುಕಿ. ನನ್ನ ಇಬ್ಬರು ಮಕ್ಕಳ ತಲೆಯಿಂದ ಹೇನು ತೆಗೆದ ಮೇಲೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ದೊಡ್ಡವಳಿಗೆ ಸೊಂಟ ಮುಟ್ಟುವ ದಟ್ಟ ಕೂದಲು. ಚಿಕ್ಕವನದು ಗಿಡ್ಡ ಕೂದಲೇ, ಆದರೆ ಅವನು ಅಕ್ಕನಿಗೆ ಅಂಟಿಕೊಂಡು ಮಲಗುವವನು. ಇಬ್ಬರ ತಲೆಯಲ್ಲೂ ಹೇನು ಇತ್ತು. ಅವಳಿಗೆ ಔಷಧಿಯೂ ಬೇಕಾಯಿತು, ಅವನಿಗೆ ಬರೀ ಬಾಚಣಿಗೆ ಸಾಕಾಯಿತು. ಇಬ್ಬರಿಗೂ ಬೇಕಾದದ್ದು ಗೋಡೆಯ ಕ್ಯಾಲೆಂಡರ್. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಗು ತಲೆ ಕೆರೆದುಕೊಂಡಿತು ಅಂದ ಮಾತ್ರಕ್ಕೆ ಹೇನು ಅಂತ ಅಲ್ಲ. ಹೊಟ್ಟಿದ್ದರೂ ಕೆರೆಯುತ್ತದೆ. ಕೆರೆಯುತ್ತಿಲ್ಲ ಅಂದರೆ ಹೇನಿಲ್ಲ ಅಂತಲೂ ಅಲ್ಲ. ಹೇನು ಕಚ್ಚುವಾಗ ಬಿಡುವ ಜೊಲ್ಲು ನಮ್ಮ ಮೈಗೆ ಒಗ್ಗದೆ ಬರುವುದು ಆ ತುರಿಕೆ. ಮೊದಲ ಸಲ ಹೇನು ಹತ್ತಿದ ಮಗುವಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಅಷ್ಟರಲ್ಲಿ ಹೇನು ಎಷ್ಟು ಮೊಟ್ಟೆ ಇಟ್ಟಿರುತ್ತದೋ! ನನ್ನ ಮಗ ಒಂದು ಸಲವೂ ತಲೆಗೆ ಕೈ ಹಾಕಿರಲಿಲ್ಲ. ಅಕ್ಕನ ತಲೆಯಲ್ಲಿ ಸಿಕ್ಕಿತು ಅಂತ ಅವನದ್ದನ್ನೂ ನೋಡಿದೆ, ಅಲ್ಲೂ ಹರಿದಾಡುತ್ತಿದ್ದವು. ಒಬ್ಬರಿಗೆ ಸಿಕ್ಕರೆ ಮನೆಯವರೆಲ್ಲರ ತಲೆ ನೋಡಲೇಬೇಕು. ನಿಮ್ಮದೂ ಸೇರಿ.

ನೋಡುವುದು ಎಲ್ಲಿ? ಕಿವಿಯ ಹಿಂದೆ, ಕತ್ತಿನ ಹಿಂಭಾಗದಲ್ಲಿ ಕೂದಲು ಶುರುವಾಗುವ ಕಡೆ. ಬೆಳಕು ಚೆನ್ನಾಗಿರಬೇಕು. ಬೆಳೆದ ಹೇನು ಎಳ್ಳಿನಷ್ಟು ದೊಡ್ಡದು, 2ರಿಂದ 3 ಮಿಲಿಮೀಟರ್. ಅದು ಬೆಳಕು ಕಂಡರೆ ಓಡುತ್ತದೆ, ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸೀರು, ಅಂದರೆ ಹೇನಿನ ಮೊಟ್ಟೆ, ಮಾತ್ರ ಕೂತಲ್ಲೇ ಕೂತಿರುತ್ತದೆ. ಸೀರು ಯಾವುದು, ಹೊಟ್ಟು ಯಾವುದು ಅಂತ ತಿಳಿಯಲು ಉಗುರಿನಿಂದ ತಳ್ಳಿ ನೋಡಿ. ಹೊಟ್ಟು ಉದುರುತ್ತದೆ. ಸೀರು ಕೂದಲಿಗೆ ಒಂದು ಪಕ್ಕದಲ್ಲಿ ಗಟ್ಟಿಯಾಗಿ ಅಂಟಿರುತ್ತದೆ, ಜಗ್ಗುವುದಿಲ್ಲ. ಅದು ಬುಡದಿಂದ ಎಷ್ಟು ದೂರದಲ್ಲಿದೆ ಅನ್ನುವುದನ್ನೂ ಗಮನಿಸಿ. ಮೊಟ್ಟೆಗೆ ನೆತ್ತಿಯ ಬಿಸಿ ಬೇಕು, ಹಾಗಾಗಿ ಹೇನು ಬುಡದ ಹತ್ತಿರವೇ ಇಡುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ ಅಲ್ವಾ? ಬುಡದಿಂದ 6 ಮಿಲಿಮೀಟರಿಗಿಂತ ದೂರ ಹೋದ ಸೀರು ಸಾಮಾನ್ಯವಾಗಿ ಒಡೆದು ಖಾಲಿಯಾದದ್ದು, ಇಲ್ಲವೇ ಸತ್ತದ್ದು. ಅಂಥ ಹಳೆ ಸೀರು ಮಾತ್ರ ಇದ್ದು, ಓಡಾಡುವ ಹೇನು ಒಂದೂ ಸಿಗದಿದ್ದರೆ ಔಷಧಿ ಹಾಕುವ ಅಗತ್ಯವಿಲ್ಲ.

ಈಗ ಬಾಚುವ ವಿಷಯ. ಒಣ ಕೂದಲಲ್ಲಿ ಹೇನು ಚುರುಕು. ಆರು ಕಾಲಲ್ಲೂ ಕೊಕ್ಕೆಯಿದೆ, ಕೂದಲಿಂದ ಕೂದಲಿಗೆ ಹಿಡಿದು ಓಡುತ್ತದೆ. ಕೂದಲು ಒದ್ದೆಯಾದರೆ ಅದು ಇದ್ದಲ್ಲೇ ಗಪ್ಪಾಗಿ ಹಿಡಿದುಕೊಂಡು ಬಿಡುತ್ತದೆ. ಮೇಲೆ ಕಂಡೀಷನರ್ ಬಿದ್ದರೆ ಕೂದಲು ಜಾರುತ್ತದೆ, ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಒದ್ದೆ ಕೂದಲಲ್ಲಿ ಬಾಚುವುದು ಇದಕ್ಕೇ. ಮೊದಲು ಮಾಮೂಲಿ ಶಾಂಪೂ ಹಾಕಿ ತೊಳೆಯುತ್ತಿದ್ದೆ. ಆಮೇಲೆ ಕಂಡೀಷನರನ್ನು ಕೈತುಂಬ ಸುರಿದು ಬುಡದಿಂದ ತುದಿಯವರೆಗೆ ಸವರುತ್ತಿದ್ದೆ. ಇದರಲ್ಲಿ ಕಂಜೂಸಿ ಮಾಡಬೇಡಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿದ ಮೇಲೆಯೇ ಹೇನಿನ ಬಾಚಣಿಗೆಗೆ ಕೈ ಹಾಕುವುದು. ಸಿಕ್ಕು ಬಿಡಿಸದೆ ಶುರು ಮಾಡಿದರೆ ಮಗು ಒಂದೇ ನಿಮಿಷಕ್ಕೆ ಅಳುತ್ತದೆ, ಮುಂದಿನ ಸಲ ಹತ್ತಿರಕ್ಕೂ ಬರುವುದಿಲ್ಲ.

ಕೂದಲನ್ನು ನಾಲ್ಕು ಪಾಲು ಮಾಡಿ ಮೂರಕ್ಕೆ ಕ್ಲಿಪ್ ಹಾಕುತ್ತಿದ್ದೆ. ಕೈಯಲ್ಲಿರುವ ಪಾಲಿನಿಂದ ಒಂದು ತೆಳ್ಳನೆಯ ಎಸಳು ತೆಗೆದುಕೊಂಡು, ಬಾಚಣಿಗೆಯ ಹಲ್ಲು ನೆತ್ತಿಗೆ ತಾಗುವಂತೆ ಇಟ್ಟು, ತುದಿಯವರೆಗೆ ಒಂದೇ ಎಳೆತ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಬಿಳಿ ಟಿಶ್ಯೂ ಪೇಪರಿನಲ್ಲಿ ಒರೆಸಬೇಕು. ಬಿಳಿ ಯಾಕೆ ಅಂದರೆ, ಬಂದದ್ದು ಬೆಳೆದ ಹೇನೋ, ಈಗಷ್ಟೇ ಒಡೆದ ಮರಿಯೋ ಅಂತ ಅದರ ಮೇಲೆ ಗೊತ್ತಾಗುತ್ತದೆ. ಮರಿ ಬಂದರೆ ಮೊಟ್ಟೆ ಒಡೆಯುತ್ತಿದೆ ಅಂತ ಅರ್ಥ. ದೊಡ್ಡದು ಬಂದರೆ ಹಿಂದಿನ ಸಲ ತಪ್ಪಿಸಿಕೊಂಡಿದೆ, ಇಲ್ಲವೇ ಹೊರಗಿಂದ ಹೊಸದಾಗಿ ಬಂದಿದೆ. ಪೂರ್ತಿ ತಲೆ ಮುಗಿದ ಮೇಲೆ ಕಂಡೀಷನರ್ ತೊಳೆದು, ಒದ್ದೆ ಕೂದಲಲ್ಲೇ ಇನ್ನೊಂದು ಸುತ್ತು. ಮಗಳ ಕೂದಲಿಗೆ ಒಂದು ಗಂಟೆ ಹತ್ತಿರ ಹಿಡಿಯುತ್ತಿತ್ತು. ಕೈಗೆ ಕಥೆ ಪುಸ್ತಕ ಕೊಟ್ಟು ಕೂರಿಸುತ್ತಿದ್ದೆ. ಪೇಪರ್ ಮೇಲೆ ಬಿದ್ದದ್ದನ್ನು ಎಣಿಸುವ ಕೆಲಸ ತಮ್ಮನದ್ದು. ಅವನಿಗೆ ಅದು ಭಾರಿ ಖುಷಿಯ ಕೆಲಸ. ಅವಳಿಗೆ ಅಷ್ಟೇ ಸಿಟ್ಟು.

ಬಾಚಣಿಗೆಯ ಹಲ್ಲುಗಳ ನಡುವೆ ಸಂದು 0.2ರಿಂದ 0.3 ಮಿಲಿಮೀಟರ್ ಇರಬೇಕು. ಉದ್ದ ಹಲ್ಲಿನ ಲೋಹದ್ದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಪ್ಲಾಸ್ಟಿಕ್ ಹಲ್ಲು ಬಾಗುತ್ತದೆ, ಆ ಸಂದಿಯಲ್ಲಿ ಸೀರು ನುಸುಳಿ ಉಳಿಯುತ್ತದೆ. ಈ ಉಪಕರಣ ಹಳೆಯದು ಅಂದರೆ ತುಂಬಾ ಹಳೆಯದು. ಇಸ್ರೇಲಿನ ಲಾಕೀಶ್ ಎಂಬಲ್ಲಿ 2016ರಲ್ಲಿ ಅಗೆದಾಗ ಆನೆ ದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಸುಮಾರು 3,700 ವರ್ಷ ಹಿಂದಿನದು ಅಂತ ಅಂದಾಜು. ಒಂದು ಕಡೆ ಸಿಕ್ಕು ಬಿಡಿಸಲು ದಪ್ಪ ಹಲ್ಲು, ಇನ್ನೊಂದು ಕಡೆ ಹೇನಿಗೆ ಸಣ್ಣ ಹಲ್ಲು. ಅದರ ಮೇಲೆ ಆ ಸೀಮೆಯ ಪ್ರಾಚೀನ ಲಿಪಿಯಾದ ಕಾನಾನೈಟ್ ಅಕ್ಷರಗಳಲ್ಲಿ, ಈ ದಂತವು ತಲೆಯ ಮತ್ತು ಗಡ್ಡದ ಹೇನನ್ನು ಕಿತ್ತುಹಾಕಲಿ ಅನ್ನುವ ಅರ್ಥದ ಒಂದು ಸಾಲು ಕೆತ್ತಿದ್ದಾರೆ. ಆ ಲಿಪಿಯಲ್ಲಿ ಸಿಕ್ಕ ಮೊದಲ ಪೂರ್ತಿ ವಾಕ್ಯ ಅದು ಅಂತ 2022ರಲ್ಲಿ ಪ್ರಕಟವಾಯಿತು. ಮಗಳಿಗೆ ಹೇಳಿದೆ. ಕೂತಲ್ಲಿಂದ ಏಳದೆ ಇನ್ನೂ ಸ್ವಲ್ಪ ಹೊತ್ತು ತಲೆ ಕೊಟ್ಟಳು.

ಇನ್ನು ಕ್ಯಾಲೆಂಡರ್. ಮೊಟ್ಟೆ ಒಡೆಯಲು 7ರಿಂದ 10 ದಿನ ಬೇಕು. ಒಡೆದ ಮರಿ ಬೆಳೆದು ಮೊಟ್ಟೆಯಿಡಲು ಮತ್ತೆ 9ರಿಂದ 12 ದಿನ. ಬೆಳೆದ ಹೆಣ್ಣು ಹೇನು ತಿಂಗಳ ಹತ್ತಿರ ಬದುಕುತ್ತದೆ, ದಿನಕ್ಕೆ 8 ಮೊಟ್ಟೆಯವರೆಗೆ ಇಡಬಲ್ಲದು. ಅಂದರೆ ಇವತ್ತು ತಲೆಯಲ್ಲಿರುವ ಎಲ್ಲ ಹೇನನ್ನೂ ತೆಗೆದರೂ ಮೊಟ್ಟೆ ಉಳಿದಿರುತ್ತದೆ. ವಾರ ಕಳೆದ ಮೇಲೆ ಅವು ಒಡೆಯುತ್ತವೆ. ಒಡೆದವು ದೊಡ್ಡವಾಗಿ ಮೊಟ್ಟೆ ಇಡುವ ಮುಂಚೆ ನಾವು ಹಿಡಿಯಬೇಕು, ಇಷ್ಟೇ ಲೆಕ್ಕ. ಅದಕ್ಕೇ 1, 5, 9, 13ನೇ ದಿನ ಬಾಚುವುದು, 17ನೇ ದಿನ ಪರೀಕ್ಷೆಗೆ ಇನ್ನೊಮ್ಮೆ. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಟ್ಟೆ. 9ನೇ ದಿನದ ಹೊತ್ತಿಗೆ ಪೇಪರ್ ಮೇಲೆ ಹೆಚ್ಚೇನೂ ಬೀಳುವುದಿಲ್ಲ, ಎಲ್ಲ ಹೋಯಿತು ಅನಿಸುತ್ತದೆ. ಅಲ್ಲಿ ಮಾತ್ರ ನಿಲ್ಲಿಸಬೇಡಿ. ಹೇನು ತಿರುಗಿ ಬಂತು ಅಂತ ಎಷ್ಟೋ ಜನ ಹೇಳುತ್ತಾರೆ. ಅದರಲ್ಲಿ ಜಾಸ್ತಿ ಪಾಲು ಹೋಗೇ ಇರದವು ಅಂತ ನನ್ನ ಗುಮಾನಿ.

ಮಗನಿಗೆ ಇಷ್ಟೇ ಸಾಕಾಯಿತು. ಮಗಳು ಕೆರೆದು ಕೆರೆದು ಕತ್ತಿನ ಹಿಂದೆ ಗಾಯ ಮಾಡಿಕೊಂಡಿದ್ದಳು, ಕೀವು ತುಂಬುವ ಭಯವಿತ್ತು. ಡಾಕ್ಟರಿಗೆ ತೋರಿಸಿದೆ. ಗಾಯಕ್ಕೆ ಮುಲಾಮು ಕೊಟ್ಟರು, ಹೇನಿಗೆ ಪರ್ಮೆಥ್ರಿನ್ 1% ಬರೆದರು. ಇದನ್ನು ಹಾಕುವುದಕ್ಕೂ ಒಂದು ಕ್ರಮವಿದೆ. ಕಂಡೀಷನರ್ ಇಲ್ಲದ ಶಾಂಪೂವಿನಲ್ಲಿ ತೊಳೆದು, ಟವೆಲಿನಿಂದ ಒತ್ತಿ ಒರೆಸಿದ ಕೂದಲಿಗೆ ಹಚ್ಚಬೇಕು. ಕಂಡೀಷನರಿನ ಪದರ ಇದ್ದರೆ ಔಷಧಿ ಸರಿಯಾಗಿ ಹತ್ತುವುದಿಲ್ಲ. 10 ನಿಮಿಷ ಬಿಟ್ಟು ತೊಳೆಯುವುದು. ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಸಾಯುತ್ತವೆ ಅಂತೇನಿಲ್ಲ, ಚರ್ಮ ಉರಿಯುತ್ತದೆ ಅಷ್ಟೇ. ಕಣ್ಣಿಗೆ ಮಡಚಿದ ಬಟ್ಟೆ ಒತ್ತಿ ಹಿಡಿದುಕೊಳ್ಳಲು ಹೇಳಿ, ತೊಟ್ಟಿಯ ಮುಂದೆ ತಲೆ ಬಗ್ಗಿಸಿ ತೊಳೆದೆ. ಸ್ನಾನದ ಜೊತೆ ತೊಳೆದರೆ ಔಷಧಿಯೆಲ್ಲ ಮೈಮೇಲೆ ಇಳಿಯುತ್ತದೆ. ಆಮೇಲೆ ಎರಡು ದಿನ ತಲೆಗೆ ನೀರು ಹಾಕಲಿಲ್ಲ.

ಔಷಧಿ ಕೆಲಸ ಮಾಡಿತೋ ಇಲ್ಲವೋ ಅಂತ 8ರಿಂದ 12 ಗಂಟೆ ಬಿಟ್ಟು ಬಾಚಿ ನೋಡಬೇಕು. ಸತ್ತಿದ್ದರೆ, ಅಥವಾ ತೂರಾಡುತ್ತ ನಿಧಾನವಾಗಿ ಹರಿದಾಡುತ್ತಿದ್ದರೆ ಸರಿ. ಮೊದಲಿನ ಹಾಗೇ ಓಡುತ್ತಿದ್ದರೆ ಆ ಔಷಧಿಗೆ ಅವು ಒಗ್ಗಿಹೋಗಿವೆ. ಎಷ್ಟೋ ಕಡೆ ಪರ್ಮೆಥ್ರಿನ್ ಕಥೆ ಹೀಗಾಗಿದೆ. ಆಗ ಅದನ್ನೇ ಮೇಲಿಂದ ಮೇಲೆ ಸುರಿಯದೆ ಬೇರೆಯದನ್ನು ಕೇಳಬೇಕು. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಎಣ್ಣೆ ವಿಷವಲ್ಲ, ಹೇನಿನ ಮೈಯನ್ನು ಮುಚ್ಚಿಯೇ ಕೊಲ್ಲುತ್ತದೆ. ಐವರ್ಮೆಕ್ಟಿನ್ ಲೋಷನ್ ಕೂಡ ಇದೆ. ಲಿಂಡೇನ್ ಮಾತ್ರ ಬೇಡವೇ ಬೇಡ, ಅದು ಮಕ್ಕಳ ನರಗಳಿಗೆ ಅಪಾಯ. ಪರ್ಮೆಥ್ರಿನ್ ಒಡೆಯದ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಹಾಗಾಗಿ 9ನೇ ದಿನ ಇನ್ನೊಮ್ಮೆ ಹಾಕಬೇಕು. ನಾನು ಹಾಕಿದೆ. ನಡುವಿನ ದಿನಗಳಲ್ಲಿ ಬಾಚುವುದನ್ನು ಬಿಡಲಿಲ್ಲ.

ಸಲಹೆ ಕೊಡುವವರಿಗೆ ಬರವಿಲ್ಲ. ಸೀಮೆಎಣ್ಣೆ ಹಚ್ಚು ಅಂದವರಿದ್ದರು. ಬೆಂಕಿ ಹತ್ತಿದರೆ ಮಗುವಿನ ತಲೆಯೇ ಸುಟ್ಟುಹೋಗುತ್ತದೆ, ಚರ್ಮಕ್ಕೂ ಅದು ಕೆಟ್ಟದ್ದು. ಗಿಡಕ್ಕೆ ಹೊಡೆಯುವ, ಜಿರಳೆಗೆ ಹೊಡೆಯುವ ಔಷಧಿಗಳೂ ಅಷ್ಟೇ, ಜೀವಕ್ಕೇ ಕುತ್ತು. ತಲೆತುಂಬ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಚೀಲ ಕಟ್ಟಿ ರಾತ್ರಿ ಮಲಗಿಸು ಅಂದರು. ನಿದ್ದೆಯಲ್ಲಿ ಆ ಚೀಲ ಜಾರಿ ಮೂಗು ಬಾಯಿ ಮುಚ್ಚಿದರೆ? ಎಣ್ಣೆ ಹಚ್ಚಿದರೆ ಬಾಚಲು ಸುಲಭ, ಅಷ್ಟು ನಿಜ. ಅದರಿಂದಲೇ ಹೇನು ಸಾಯುತ್ತದೆ ಅಂತ ನಂಬಿ ಕೂರಬೇಡಿ. ದಿನಾ ತಲೆ ತೊಳೆದರೆ ಹೋಗುತ್ತದೆ ಅನ್ನುವುದೂ ಸುಳ್ಳು. ನೀರಲ್ಲಿ ಮುಳುಗಿದರೂ ಹೇನು ಗಂಟೆಗಟ್ಟಲೆ ಬದುಕಿರುತ್ತದೆ.

ಮನೆ ತೊಳೆಯುವ ವಿಷಯದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ತಲೆಯಿಂದ ಕೆಳಗೆ ಬಿದ್ದದ್ದು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಕವರ್, ಹಾಸಿಗೆ ಬಟ್ಟೆ, ಟವೆಲ್, ಟೋಪಿ ಇವನ್ನು 54 ಡಿಗ್ರಿಗಿಂತ ಬಿಸಿ ನೀರಿನಲ್ಲಿ ಒಗೆದೆ. ಬಾಚಣಿಗೆಗಳನ್ನು ಅಷ್ಟೇ ಬಿಸಿ ನೀರಲ್ಲಿ 10 ನಿಮಿಷ ನೆನೆಸಿಟ್ಟೆ. ಒಗೆಯಲಾಗದ ಗೊಂಬೆಯನ್ನು ಚೀಲದಲ್ಲಿ ಕಟ್ಟಿ ಎರಡು ವಾರ ಇಟ್ಟೆ. ಮನೆಯೊಳಗೆ ಸ್ಪ್ರೇ ಹೊಡೆಯಬೇಡಿ, ಅದರಿಂದ ಲಾಭವಿಲ್ಲ, ಉಸಿರಾಟಕ್ಕೆ ತೊಂದರೆ. ಆ ಹೊತ್ತನ್ನು ಬಾಚಲು ಕೊಡಿ.

ಇದೆಲ್ಲಕ್ಕಿಂತ ಕಷ್ಟವಾದದ್ದು ಬೇರೆ ಅಪ್ಪ ಅಮ್ಮಂದಿರಿಗೆ ಹೇಳುವುದು. ಮಗಳು ಹೇಳಲೇಬೇಡ ಅಂತ ಅತ್ತಳು. ಆದರೆ ಜೊತೆಗೆ ಆಡುವ ಮಕ್ಕಳ ತಲೆ ನೋಡದಿದ್ದರೆ ನನ್ನ ಬಾಚುವಿಕೆ ಸುಮ್ನೆ ವ್ಯರ್ಥ. ಅವಳ ಟೀಚರಿಗೂ, ಆಪ್ತ ಗೆಳತಿಯರ ಮನೆಗೂ ತಿಳಿಸಿದೆ. ಇಬ್ಬರು ತಾಯಂದಿರು, ನಮ್ಮಲ್ಲೂ ಇದೆ, ಹೇಳಲು ನಾಚಿಕೆ ಆಯಿತು ಅಂದರು. ತೊಳೆದ ಕೂದಲು, ತೊಳೆಯದ ಕೂದಲು ಅಂತ ಹೇನು ನೋಡುವುದಿಲ್ಲ. ತಲೆ ಹೇನಿನಿಂದ ಕಾಯಿಲೆ ಹರಡುವುದೂ ಇಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘ ಕೂಡ, ಹೇನು ಅಥವಾ ಸೀರು ಇದೆ ಅಂತ ಮಗುವನ್ನು ಶಾಲೆಯಿಂದ ಹೊರಗಿಡಬೇಡಿ ಅನ್ನುತ್ತದೆ. ಅವಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಬಿಗಿಯಾಗಿ ಜಡೆ ಹಾಕಿ ಕಳಿಸಿದೆ, ಅಷ್ಟೇ.

ಹೇನು ಹೋದ ಮೇಲೂ ತುರಿಕೆ ಕೆಲವು ದಿನ ಉಳಿಯುತ್ತದೆ. ಗಾಬರಿಯಾಗಿ ಮತ್ತೆ ಔಷಧಿ ಹಚ್ಚಬೇಡಿ, ಮೊದಲು ಬಾಚಿ ನೋಡಿ. ಖಾಲಿ ಸೀರು ಕೂದಲಿನ ಜೊತೆ ಬೆಳೆದು ಕೆಳಗಿಳಿಯುತ್ತ ತಿಂಗಳುಗಟ್ಟಲೆ ಕಾಣುತ್ತದೆ. ನೋಡಲು ಬೇಜಾರಾದರೆ ಉಗುರಿನಿಂದ ಒಂದೊಂದೇ ಎಳೆದು ತೆಗೆಯಬಹುದು, ಇದ್ದರೂ ತೊಂದರೆಯಿಲ್ಲ. ಈಗ ನಾನು ವಾರಕ್ಕೊಂದು ಸಲ, ತಲೆ ತೊಳೆದ ದಿನ, ಇಬ್ಬರಿಗೂ ಕಿವಿಯ ಹಿಂದೆ ನಾಲ್ಕು ಎಳೆತ ಎಳೆದು ಪೇಪರ್ ನೋಡುತ್ತೇನೆ. ಏನೂ ಇಲ್ಲದಿದ್ದರೆ ಐದು ನಿಮಿಷದ ಕೆಲಸ. ಒಂದು ಸಿಕ್ಕರೂ ಅವತ್ತು ಕ್ಯಾಲೆಂಡರಿನಲ್ಲಿ ಮತ್ತೆ 1ನೇ ದಿನ.