ಎರಡನೇ ಭಾಗ ಬಿಚ್ಚುವ ಮುಂಚೆ ಒಂದು ಹಾಳೆ ಬರೆದಿಡಿ

ಚಿಕ್ಕಮಗಳೂರಲ್ಲಿ ಜುಲೈ ಮಳೆ ಹಿಡಿಯಿತು ಅಂದರೆ ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲ. ದಪ್ಪ ಪುಸ್ತಕಕ್ಕೆ ಅದೇ ಕಾಲ. ಪಿಯುಸಿ ಓದುವ ಅಕ್ಕನ ಮಗಳ ಜೊತೆ ಕೂತು ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ವರ್ಚ್ಯೂ ಅಂಡ್ ವೆಂಜನ್ಸ್’ ಓದಿದ ರೀತಿ ಹೇಳುತ್ತೇನೆ. 2019ರ ಇಂಗ್ಲಿಷ್ ಕಾದಂಬರಿ, ಮಂತ್ರಶಕ್ತಿಯ ಕಥೆ. ಮೂರು ಭಾಗಗಳಲ್ಲಿ ಇದು ಎರಡನೆಯದು. 2018ರ ಮೊದಲ ಭಾಗ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ರಟ್ಟಾಗುತ್ತದೆ.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು. ಹಳೇ ಲೆಡ್ಜರ್‌ನ ಖಾಲಿ ಹಾಳೆ ಹರಿದು ಮೂರು ಕಾಲಂ ಎಳೆದೆ: ಯಾರು, ಏನು ಕಳೆದುಕೊಂಡರು, ಈಗ ಯಾರ ಮೇಲೆ ಸಿಟ್ಟು. ಕಥಾನಾಯಕಿ ಝೇಲಿ ಅಪ್ಪನನ್ನು ಕಳೆದುಕೊಂಡಳು. ರಾಜಕುಮಾರಿ ಅಮಾರಿ ತನ್ನ ಅಪ್ಪನನ್ನು ತಾನೇ ಕೊಂದಳು. ಅವಳ ಅಣ್ಣ ಇನಾನ್‌ಗೂ ಒಂದು ಸಾಲು. "ಮಾವ, ಇದೇನು ಪರೀಕ್ಷೆನಾ?" ಅಂದಳು ಹುಡುಗಿ. ಅಂದುಕೊಳ್ಳಲಿ ಬಿಡಿ.

ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಇದನ್ನು ಬರೆಯಿರಿ: ಮಂತ್ರಶಕ್ತಿ ವಾಪಸ್ ಬಂದಿದ್ದು ತುಳಿತಕ್ಕೆ ಸಿಕ್ಕವರಿಗೆ ಮಾತ್ರ ಅಲ್ಲ, ತುಳಿದ ಮನೆತನದವರಲ್ಲೂ ಕೆಲವರಿಗೆ ಬಂತು. ಎರಡನೇ ಭಾಗದ ಜಗಳವೆಲ್ಲ ಇದರ ಮೇಲೇ ನಿಂತಿದೆ. ಇನ್ನೊಂದು ವಿಷಯ, ಅಧ್ಯಾಯದಿಂದ ಅಧ್ಯಾಯಕ್ಕೆ ‘ನಾನು’ ಅನ್ನುವವರು ಬದಲಾಗುತ್ತಾ ಇರುತ್ತಾರೆ. ತಲೆಬರಹದಲ್ಲಿರುವ ಹೆಸರು ನೋಡಿಕೊಂಡೇ ಮುಂದೆ ಹೋಗಿ.

ಆಮೇಲೆ ದೇವರುಗಳು. ನೈಋತ್ಯ ನೈಜೀರಿಯಾದ ಯೊರುಬಾ ಜನರ ದೇವತೆಗಳಿಂದಲೇ ಈ ಕಥೆ ಹುಟ್ಟಿದ್ದು. ಹೆಸರು ಬಾಯಿಪಾಠ ಮಾಡಬೇಡಿ, ಕೆಲಸ ನೆನಪಿಡಿ. ಶಾಂಗೋ ಗುಡುಗು, ಬೆಂಕಿ. ಯೆಮೋಜಾ ನೀರು. ಓಯಾಗೆ ಬಿರುಗಾಳಿಯೂ ಸೇರಿದ್ದು, ಸತ್ತವರೂ ಸೇರಿದ್ದು. ಝೇಲಿ ಆತ್ಮಗಳನ್ನು ಕರೆಯುವುದು ಅದಕ್ಕೇ. ಓಗುನ್ ಕಬ್ಬಿಣದ ದೇವರು. ಕಮ್ಮಾರರು, ಬೇಟೆಗಾರರಷ್ಟೇ ಅಲ್ಲ, ಅಲ್ಲಿ ಡ್ರೈವರ್‌ಗಳೂ ಅವನಿಗೆ ನಡೆದುಕೊಳ್ಳುತ್ತಾರೆ. ಆಯುಧಪೂಜೆಗೆ ಜೀಪಿನ ಚಕ್ರದಡಿ ನಿಂಬೆಹಣ್ಣು ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಹಾಗಂತ ಎಲ್ಲದಕ್ಕೂ ನಮ್ಮ ಹೆಸರು ಅಂಟಿಸಬೇಡಿ. ಓಯಾಳನ್ನು ಮಾರಮ್ಮ ಮಾಡಿಬಿಟ್ಟರೆ ಓಯಾ ಕಾಣುವುದೇ ಇಲ್ಲ. ಅದರ ಬದಲು ಒಶೊಗ್ಬೊ ಊರಿನ ಓಶುನ್ ದೇವಿಯ ಕಾಡಿನ ಫೋಟೋ ಹುಡುಕಿ ನೋಡಿ. ನದಿ, ದೊಡ್ಡ ದೊಡ್ಡ ಮರ, ನಡುನಡುವೆ ವಿಚಿತ್ರ ಶಿಲ್ಪಗಳು. 2005ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ಪುಸ್ತಕದ ನಕ್ಷೆಯಲ್ಲಿರುವ ಲಾಗೋಸ್, ಇಲೋರಿನ್ ನೈಜೀರಿಯಾದ ನಿಜವಾದ ಊರುಗಳೇ. ಆದರೆ ಗೂಗಲ್ ಮ್ಯಾಪ್ ತೆಗೆದು ತಾಳೆ ನೋಡಲು ಹೋಗಬೇಡಿ. ಕಥೆಯ ಇಲೋರಿನ್ ನೀರಿನ ಮೇಲೆ ತೇಲುವ ಮೀನುಗಾರರ ಹಳ್ಳಿ, ನಿಜವಾದದ್ದು ಸಮುದ್ರದಿಂದ ಎಷ್ಟೋ ದೂರ.

ಕಥೆಯ ಮಂತ್ರಗಳು ಯೊರುಬಾ ಭಾಷೆಯಲ್ಲಿವೆ. ಅವನ್ನು ಹಾರಿಸಬೇಡಿ, ಜೋರಾಗಿ ಓದಿ. ‘ಎಸ್’ ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ‘ಶ’. ಮೇಲಿನ ಗೆರೆಗಳು ದನಿ ಏರಿಸಲು, ಇಳಿಸಲು. ಸ್ವಲ್ಪ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ.

ಮೂರನೇ ಭಾಗ 2024ರಲ್ಲಿ ಬಂದಿದೆ. ಅದಕ್ಕೆ ಹೊಸ ಹಾಳೆ ಬೇಡ, ಇದರಲ್ಲೇ ಅಡ್ಡಗೆರೆ ಎಳೆದು ಕೆಳಗೆ ಬರೆಯುತ್ತಾ ಹೋಗಿ.