ಆರ್‌ಪಿಸಿ ಬಂತು, ಮುಂದೇನು? ನಾನು ಪಿಪಿಎಲ್‌ಗೆ ಓಡ್ಲಿಲ್ಲ, ಅದೇ ಒಳ್ಳೇದಾಯ್ತು (ನನ್ನ ಅನುಭವ)

ಹೋದ ತಿಂಗಳು ಇಲ್ಲಿ ಆಸ್ಟ್ರೇಲಿಯಾದಲ್ಲಿ ನನ್ನ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಫ್ಲೈಟ್ ಟೆಸ್ಟ್ ಪಾಸಾಯ್ತು. ಮೊದಲನೇ ಸಲಕ್ಕೇ. ಇದನ್ನ ಯಾಕೆ ಬರೀತಿದೀನಿ ಅಂದ್ರೆ ಎರಡು ವರ್ಷದಿಂದ ನಮ್ಮ ಮೆಲ್ಬರ್ನ್ ಗೆಳೆಯರು, ಸಿಡ್ನಿ ಭಾವ, ಏರ್‌ಫೀಲ್ಡ್‌ನಲ್ಲಿ ಕಾಫಿ ಕುಡಿಯೋ ಹಿರೀ ತಲೆಗಳು, ಎಲ್ಲರೂ ಸೇರಿ ಸೀದಾ ಪಿಪಿಎಲ್‌ಗೆ ಹೋಗ್ದೆ ಪುಟ್ಟ ವಿಮಾನವೊಂದರಲ್ಲಿ ಪಾಲು (ಶೇರ್) ತಗೊಂಡು ನಾನು ಹಿಡಿದ ದಾರಿ ದಂಡ ಅಂತ ಹೇಳ್ತಾ ಬಂದಿದ್ರು. ಈಗ ಅವರಲ್ಲಿ ಇಬ್ರು ಫೋನ್ ಮಾಡಿ "ಆ ಶೇರ್ ವಿಷ್ಯ ಸ್ವಲ್ಪ ಹೇಳಪ್ಪ" ಅಂತಿದಾರೆ. ಹಾಗಾಗಿ ಒಂದೇ ಸಲ ಬರೆದುಬಿಡೋಣ ಅಂತ.

ಆರ್‌ಪಿಸಿ ಅಂದ್ರೆ ರಿಕ್ರಿಯೇಷನಲ್ ಪೈಲಟ್ ಸರ್ಟಿಫಿಕೇಟ್, ಹವ್ಯಾಸಕ್ಕೆ ಹಗುರ ವಿಮಾನ ಹಾರಿಸೋರಿಗೆ ಇಲ್ಲಿನ ಆರ್‌ಎ-ಆಸ್ ಅನ್ನೋ ಸಂಸ್ಥೆ ಕೊಡೋದು. ಕನಿಷ್ಠ 20 ಗಂಟೆ ಅಂತಾರೆ, ನಂಗೆ 34 ಗಂಟೆ ಹಿಡೀತು. ಐಟಿ ಕೆಲಸ, ವಾರಕ್ಕೊಂದು ಸ್ಲಾಟ್, ಅದರಲ್ಲಿ ಅರ್ಧ ಗಾಳಿಗೆ ಕ್ಯಾನ್ಸಲ್, ಹೀಗೆ ಹೋದ್ರೆ ಇನ್ನೇನು. ಸುಮಾರು 11 ಸಾವಿರ ಡಾಲರ್ ಆಯ್ತು. ಸರ್ಟಿಫಿಕೇಟ್ ಬಂದ ದಿನ ಖುಷಿಯೋ ಖುಷಿ, ಮಾರನೇ ದಿನ ಕೂತು ನೋಡಿದ್ರೆ ಹೊರಟ ಜಾಗದಿಂದ 25 ನಾಟಿಕಲ್ ಮೈಲಿ ದಾಟೋ ಹಾಗಿಲ್ಲ, ಪಕ್ಕದ ಸೀಟಲ್ಲಿ ಹೆಂಡ್ತಿನ ಕೂರಿಸೋ ಹಾಗಿಲ್ಲ. ಹೊಸ ಸ್ಕೂಟರ್ ತಗೊಂಡು ಕಾಂಪೌಂಡ್ ಒಳಗೇ ಸುತ್ತು ಹೊಡೆದ ಹಾಗೆ.

ಆಗ ಒಂದು ದೊಡ್ಡ ಟ್ರೇನಿಂಗ್ ಸ್ಕೂಲಿಗೆ ಹೋಗಿ ವಿಚಾರಿಸಿದೆ, ಹೆಸರು ಬೇಡ. ಅಲ್ಲಿದ್ದ ಹುಡುಗ ನನ್ನ ಲಾಗ್‌ಬುಕ್ ತಿರುವಿ ಹಾಕಿ "ಇದು ಟಾಯ್ ಏರೋಪ್ಲೇನ್ ಅವರ್ಸ್, ಹೆಚ್ಚು ಕಮ್ಮಿ ಮೊದಲಿಂದ ಶುರು ಮಾಡ್ಬೇಕು" ಅಂದ. ಸೆಸ್ನಾ 172ರಲ್ಲಿ (ನಾಲ್ಕು ಸೀಟಿನ ವಿಮಾನ) ಇನ್ನೂ 25 ಗಂಟೆ ಆದ್ರೂ ಬೇಕು, ಒಟ್ಟು 15 ಸಾವಿರದ ಹತ್ತಿರ ಅಂತ ಒಂದು ಶೀಟ್ ಪ್ರಿಂಟ್ ಮಾಡಿ ಕೊಟ್ಟ. ಆ ಶೀಟ್ ಇವತ್ತೂ ನನ್ನ ಫ್ಲೈಟ್ ಬ್ಯಾಗಲ್ಲಿದೆ, ಬಿಸಾಕೋಕೆ ಮನಸ್ಸಿಲ್ಲ.

ನಾನು ಮಾಡಿದ್ದು ಇಷ್ಟೆ. ಪಿಪಿಎಲ್ ಆಮೇಲೆ ನೋಡೋಣ ಅಂತ ಬದಿಗಿಟ್ಟು ಜಬಿರೂ ಜೆ170 ಅನ್ನೋ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕಾಲು ಪಾಲು ತಗೊಂಡೆ. 13,500 ಡಾಲರ್. ಮನೇಲಿ ಹೇಳಿದಾಗ ನಡೆದದ್ದನ್ನ ಬರೆಯೋದು ಬೇಡ. ಇನ್ನು ಗೆಳೆಯರು, "ಜಬಿರೂ ಎಂಜಿನ್ನಾ?" ಅಂತ ಮುಖ ಕಿವುಚಿದ್ರು. 2014ರ ಕೊನೇಲಿ ಕಾಸಾ (ಇಲ್ಲಿನ ಸರ್ಕಾರಿ ವಿಮಾನಯಾನ ನಿಯಂತ್ರಕ ಸಂಸ್ಥೆ) ಆ ಎಂಜಿನ್‌ಗಳ ಮೇಲೆ ನಿರ್ಬಂಧ ಹಾಕಿತ್ತಲ್ಲ, ಆಮೇಲೆ ಸಡಿಲ ಮಾಡಿದ್ರೂ ಜನರ ಬಾಯಲ್ಲಿ ಆ ಮಾತು ಉಳಿದುಬಿಟ್ಟಿದೆ. ನಂಗೆ ಅದೇ ಲಾಭ ಆಯ್ತು, ರೇಟು ಇಳಿದಿತ್ತು. ಬಂಡಬರ್ಗ್‌ನಲ್ಲಿ ತಯಾರಾಗೋ ಗಾಡಿ, ಪಾರ್ಟ್ಸ್ ಇದೇ ದೇಶದಲ್ಲಿ ಸಿಗುತ್ತೆ, ಓನರ್ ಆಗಿದ್ರೆ ಎಲ್-1 ಅನ್ನೋ ಮೇಂಟೆನೆನ್ಸ್ ಪರೀಕ್ಷೆ ಕೊಟ್ಟು ಆಯಿಲ್ ಚೇಂಜ್ ಅದೂ ಇದೂ ನಾವೇ ಮಾಡ್ಕೋಬಹುದು. ತಿಂಗಳಿಗೆ ತಲಾ 130 ಡಾಲರ್ ಹ್ಯಾಂಗರ್, ಇನ್ಶೂರೆನ್ಸ್‌ಗೆ, ಹಾರಿಸಿದ್ರೆ ಗಂಟೆಗೆ ಪೆಟ್ರೋಲ್ ಸೇರಿ 85. ಹದಿನೈದು ಲೀಟರ್ ಕುಡಿಯುತ್ತೆ ಗಂಟೆಗೆ, ಅಷ್ಟೆ. ನಾಲ್ಕು ಜನ ಜಗಳ ಆಡ್ದೆ ಲೆಕ್ಕ ಇಟ್ಟುಕೊಳ್ಳೋಕೆ ನಾನೊಂದು ಶೀಟ್ ಮಾಡಿದೀನಿ, ಎಂಜಿನ್ ಓವರ್‌ಹಾಲ್ ದುಡ್ಡು ತಾನಾಗೇ ಪಕ್ಕಕ್ಕೆ ಹೋಗೋ ಹಾಗೆ. ಅದರ ಫಾರ್ಮುಲಾ ಮಾತ್ರ ಕೇಳ್ಬೇಡಿ, ಏರ್‌ಫೀಲ್ಡಿಗೆ ಬಂದು ಕಾಫಿ ಕೊಡಿಸಿದ್ರೆ ತೋರಿಸ್ತೀನಿ.

ಶೇರ್ ತಗೊಂಡ ಮೂರನೇ ವಾರಕ್ಕೇ ನಾನೇ ಮರ್ಯಾದೆ ಕಳ್ಕೊಂಡೆ. ಭಾನುವಾರ ಹಾರಿಸಿ ಬಂದು ಮಾಸ್ಟರ್ ಸ್ವಿಚ್ ಆಫ್ ಮಾಡೋದು ಮರೆತು ಕವರ್ ಹಾಕಿ ಮನೆಗೆ ಹೋದೆ, ಬುಧವಾರ ಬೆಳಗ್ಗೆ ಪಾಲುದಾರರಲ್ಲಿ ಹಿರಿಯರೊಬ್ರು ಎರಡು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದ್ದಾರೆ, ಬ್ಯಾಟರಿ ಸತ್ತು ಕೂತಿದೆ. ಹೊಸ ಬ್ಯಾಟರಿ ನನ್ನ ಜೇಬಿಂದ. ಅವತ್ತಿಂದ ಕಾರಿನ ಕೀ ಮಾಸ್ಟರ್ ಸ್ವಿಚ್ ಪಕ್ಕಕ್ಕೇ ನೇತುಹಾಕ್ತೀನಿ, ಅದನ್ನ ತಗೊಳ್ದೆ ಮನೆಗೆ ಹೋಗೋಕಾಗಲ್ವಲ್ಲ.

ಪಕ್ಕದಲ್ಲಿ ಒಬ್ರನ್ನ ಕೂರಿಸೋಕೆ ಬೇಕಾದ ಪ್ಯಾಸೆಂಜರ್ ಎಂಡಾರ್ಸ್‌ಮೆಂಟ್ (ಸರ್ಟಿಫಿಕೇಟ್ ಮೇಲಿನ ಹೆಚ್ಚುವರಿ ಅನುಮತಿ) ಸುಲಭ, ನಾನೇ ಮುಖ್ಯ ಪೈಲಟ್ ಆಗಿ (ಪಿಐಸಿ) ಹತ್ತು ಗಂಟೆ ಮುಗಿದಿದ್ದೇ ಸಿಕ್ತು. ಮೊದಲು ಕೂರಿಸಿದ್ದು ಅಪ್ಪನ್ನ, ತಿಪಟೂರಿಂದ ಬಂದಿದ್ರು ಆಗ. ಜಬಿರೂನಲ್ಲಿ ಸ್ಟಿಕ್ ಇಬ್ಬರ ಮಧ್ಯ ಇರುತ್ತಲ್ಲ, ಅಪ್ಪ ತಿಂಡಿ ಡಬ್ಬಿ ಚೀಲನ ತೊಡೆ ಮೇಲೇ ಇಟ್ಕೊಂಡಿದ್ರು, ನಾನೂ ಗಮನಿಸಿಲ್ಲ. ಫ್ಲೇರ್‌ನಲ್ಲಿ, ಅಂದ್ರೆ ನೆಲ ಮುಟ್ಟೋ ಮುಂಚೆ ಮೂಗು ಎತ್ತುವಾಗ, ಸ್ಟಿಕ್ ಹಿಂದಕ್ಕೆ ಎಳೆದ್ರೆ ಏನೋ ಮೆತ್ತಗೆ ತಡೀತಿದೆ. ಚಪಾತಿ ಡಬ್ಬಿ! ಒಂದು ಬೌನ್ಸ್ ಆಯ್ತು, ಪವರ್ ಹಾಕಿ ಮತ್ತೆ ಮೇಲೇರಿ (ಗೋ ಅರೌಂಡ್), ಚೀಲ ಅವರ ಕಾಲ ಹತ್ರ ಇಳಿಸಿ, ಎರಡನೇ ಸಲ ಇಳಿಸಿದೆ. ಅಪ್ಪಂಗೆ ಇದೆಲ್ಲ ಗೊತ್ತಾಗ್ಲಿಲ್ಲ, ಇನ್ನೊಂದು ಸುತ್ತು ಸೇರಿಸಿ ತೋರಿಸ್ದ ಅಂತ ಊರಲ್ಲಿ ಹೇಳ್ಕೊಂಡು ಓಡಾಡ್ತಿದ್ರಂತೆ. ಆಮೇಲಿಂದ ಯಾರನ್ನ ಕೂರಿಸಿದ್ರೂ ತೊಡೆ ಮೇಲೆ ಫೋನ್ ಕೂಡ ಇಡೋಕೆ ಬಿಡಲ್ಲ.

ಆಮೇಲೆ ನ್ಯಾವ್ (ನ್ಯಾವಿಗೇಷನ್) ಎಂಡಾರ್ಸ್‌ಮೆಂಟ್, ಆ 25 ಮೈಲಿ ದಾಟಿ ಹೋಗೋಕೆ. ಇಲ್ಲೇ ಇರೋದು ವಿಷ್ಯ. ನಮ್ಮದೇ ವಿಮಾನ, ಇನ್‌ಸ್ಟ್ರಕ್ಟರ್‌ಗೆ ಗಂಟೆಗೆ 90 ಕೊಟ್ರೆ ಮುಗೀತು. ಅವ್ರು ಹಳೇ ಕಾಲದ ಮನುಷ್ಯ, ಐಪ್ಯಾಡನ್ನ ಬ್ಯಾಗಿಗೆ ಹಾಕಿ ಜಿಪ್ ಮೇಲೆ ಟೇಪ್ ಅಂಟಿಸಿ ಕಳಿಸೋರು. ಮೊದಲ ಸೋಲೋ ನ್ಯಾವ್, ಮ್ಯಾಂಗಲೋರ್ ಮೇಲಿಂದ ಶೆಪ್ಪರ್ಟನ್‌ಗೆ. ಹೌದು, ವಿಕ್ಟೋರಿಯಾದಲ್ಲೂ ಒಂದು ಮಂಗಳೂರಿದೆ, ಸೀಮೋರ್ ದಾಟಿದ್ರೆ ಸಿಗುತ್ತೆ, ದೊಡ್ಡ ಏರ್‌ಪೋರ್ಟೇ. ಪಶ್ಚಿಮದಿಂದ 20, 25 ನಾಟ್ ಗಾಳಿ. ನಮ್ಮದು ಓಡೋದೇ ನೂರು ನಾಟ್. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಲ್ಲಿ ಪ್ಲಾನ್ ಬರೀತಾ ವಿಂಡ್ ಕರೆಕ್ಷನ್ ಎಡಕ್ಕೆ ಹಾಕೋ ಬದಲು ಬಲಕ್ಕೆ ಹಾಕಿದ್ದೆ. ಅಂದ್ರೆ ಗಾಳಿ ತಳ್ಳೋ ಕಡೆಗೇ ನಾನೂ ಹೊರಟಿದೀನಿ. ಮ್ಯಾಂಗಲೋರ್ ಬಿಟ್ಟು ಹತ್ತು ನಿಮಿಷ ಆದ್ರೂ ಎಡಕ್ಕೆ ಇರ್ಬೇಕಾದ ಗೋಲ್ಬರ್ನ್ ನದಿ ಇಲ್ಲ, ಬಲಕ್ಕೆ ದೂರ ಸರೀಬೇಕಾದ ಹ್ಯೂಮ್ ಫ್ರೀವೇ ಪಕ್ಕದಲ್ಲೇ ಬರ್ತಾ ಇದೆ, ಲಾರಿ ಎಣಿಸಬಹುದು ಅಷ್ಟು ಹತ್ರ, ಅದರಾಚೆ ಸ್ಟ್ರಾತ್‌ಬೋಗಿ ಗುಡ್ಡ. ಕೈ ಬೆವರಿ ಪೆನ್ಸಿಲ್ ಜಾರಿ ಸೀಟ್ ಕೆಳಗೆ ಹೋಯ್ತು. ಟೇಪ್ ಕಿತ್ತು ಐಪ್ಯಾಡ್ ತೆಗೆಯೋಣ ಅಂತ ಕೈ ಹೋಗಿದ್ದೂ ನಿಜ. ತೆಗೀಲಿಲ್ಲ. ಫ್ರೀವೇ ಹಿಡಿದು ವಾಪಸ್ ಅವೆನೆಲ್ ತನಕ ಬಂದು, ಅಲ್ಲಿಂದ ಮತ್ತೆ ಹೊಸದಾಗಿ ಹೊರಟೆ. ಶೆಪ್ಪರ್ಟನ್‌ಗೆ 20 ನಿಮಿಷಕ್ಕಿಂತ ಜಾಸ್ತಿ ಲೇಟು, ಸಾರ್‌ಟೈಮ್ (ಆ ಹೊತ್ತಿಗೆ ಸುದ್ದಿ ಬರ್ದಿದ್ರೆ ಹುಡುಕೋಕೆ ಶುರು ಮಾಡಿ ಅಂತ ಕೊಟ್ಟಿರೋ ಸಮಯ) ಮುಂದೂಡೋಕೆ ರೇಡಿಯೋದಲ್ಲಿ ತೊದಲಿದ್ದು ಬೇರೆ. ಇನ್‌ಸ್ಟ್ರಕ್ಟರ್ ಬೈಯ್ಲಿಲ್ಲ, ಮ್ಯಾಪ್ ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪ ಬಾಣ ಬರೆದು "ಗಾಳಿ ಇಲ್ಲಿಂದ, ಮೂಗು ಇತ್ತ ಕಡೆ" ಅಂತಷ್ಟೇ ಹೇಳಿದ್ರು. ಈಗ್ಲೂ ಪ್ರತಿ ಲೆಗ್‌ಗೂ ಆ ಬಾಣ ಬರೀತೀನಿ, ಐಪ್ಯಾಡಲ್ಲಿ ಮ್ಯಾಪ್ ಆ್ಯಪ್ (ಇಎಫ್‌ಬಿ) ಇರೋರು ನಗ್ತಾರೆ, ನಗ್ಲಿ.

ಇನ್ನೊಂದ್ಸಲ ಕಿಲ್ಮೋರ್ ಗ್ಯಾಪ್ (ಮೆಲ್ಬರ್ನ್‌ಗೆ ಉತ್ತರದಲ್ಲಿ ಗುಡ್ಡಗಳ ನಡುವಿನ ದಾರಿ) ಹತ್ರ ಹೋಗಿ ಮೋಡ ಗುಡ್ಡದ ಮೇಲೆ ಕೂತಿರೋದು ನೋಡಿ ವಾಪಸ್ ಬಂದೆ. ಬರೀ ಅಷ್ಟಕ್ಕೇ ನೂರು ಚಿಲ್ಲರೆ ಡಾಲರ್. ಕೆಟ್ಟ ಹವಾಮಾನಕ್ಕೆ ಹೆಸರಾದ ಜಾಗ ಅದು. ಗಂಟೆಗೆ 340 ಬಾಡಿಗೆ 172ರಲ್ಲಿ ಇದ್ದಿದ್ರೆ ಅಷ್ಟು ಸಲೀಸಾಗಿ ತಿರುಗಿಸ್ತಿದ್ನಾ ಅಂತ ನಂಗೇ ಡೌಟು. ಸಸ್ತಾ ಗಂಟೆ ಅಂದ್ರೆ ಇದೇ ಲಾಭ, ದುಡ್ಡಿನ ಯೋಚನೆ ಥ್ರಾಟಲ್ ಮೇಲೆ ಕೂರಲ್ಲ.

ಮಧ್ಯದಲ್ಲಿ ಒಂದು ಹುಚ್ಚು. ರಡರ್ ಪೆಡಲ್ ಮೇಲೆ ಕಾಲಿನ ಕೆಲಸ ಸರಿಯಿಲ್ಲ ಅಂತ ಎಲ್ಲರ ಹತ್ರ ಬೈಸ್ಕೊಳ್ತಿದ್ದೆ, ಅದಕ್ಕೆ ಬೆನಾಲಾಗೆ ಹೋಗಿ ಗ್ಲೈಡರ್ ಹತ್ತಿದೆ, 1987ರಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ನಡೆದ ಜಾಗ. ಅಲ್ಲಿ ಕ್ಯಾನೊಪಿ ಮೇಲೆ ಒಂದು ಕೆಂಪು ಉಲ್ಲನ್ ದಾರ ಅಂಟಿಸಿರ್ತಾರೆ, ಕಾಲು ಸರಿಯಿಲ್ದಿದ್ರೆ ದಾರ ಓರೆ ಆಗುತ್ತೆ, ಅಷ್ಟೇ ಇನ್‌ಸ್ಟ್ರುಮೆಂಟು. ಮೂರು ಫ್ಲೈಟಲ್ಲಿ ನಂಗೆ ಆರು ತಿಂಗಳಲ್ಲಿ ಬರದ್ದು ಬಂತು. ಹುಮ್ಮಸ್ಸಲ್ಲಿ ಮನೆಗೆ ಬಂದು ಹೆಂಡ್ತಿ ಸ್ವೆಟರ್ ಉಂಡೆಯಿಂದ ಒಂದು ಗೇಣು ದಾರ ಕತ್ತರಿಸಿ ಜಬಿರೂ ವಿಂಡ್‌ಸ್ಕ್ರೀನಿಗೆ ಅಂಟಿಸಿದೆ. ಪ್ರೊಪೆಲರ್ ಗಾಳಿ ಸುತ್ತಿಕೊಂಡು ಬರುತ್ತಲ್ಲ, ಕಾಲು ಎಲ್ಲಿಟ್ರೂ ದಾರ ಒಂದೇ ಕಡೆ ವಾಲ್ಕೊಂಡು ಪಟಪಟ ಅಂತ ಬಡ್ಕೊಳ್ತಿತ್ತು. ಪಾಲುದಾರರು ಅದನ್ನ ಕೀಳದೆ ಎರಡು ವಾರ ಹಾಗೇ ಬಿಟ್ಟಿದ್ರು, ಬಂದೋರಿಗೆಲ್ಲ ತೋರಿಸೋಕೆ.

ನ್ಯಾವ್ ಎಂಡಾರ್ಸ್‌ಮೆಂಟ್ ಆದ್ಮೇಲೆ ಬಿಡ್ಲಿಲ್ಲ ನೋಡಿ. ಎಚುಕಾ, ಬೆಂಡಿಗೊ, ವಾರ್‌ನಂಬೂಲ್, ಅಪೊಲೊ ಬೇ. ಒಬ್ಬ ಗೆಳೆಯ ಅಸಲಿ ಮಂಗಳೂರಿನೋನು, ಅವನನ್ನ ಮ್ಯಾಂಗಲೋರ್‌ಗೇ ಕರ್ಕೊಂಡು ಹೋಗಿ ಇಳಿಸಿದೆ. "ಬಜ್ಪೆ ಟೇಬಲ್‌ಟಾಪ್ ಎಲ್ಲಿ, ಈ ಕುರಿ ಮೇಯೋ ಬಯಲು ಎಲ್ಲಿ ಮಾರಾಯ" ಅಂತ ರೆಕ್ಕೆ ನೆರಳಲ್ಲಿ ಕೂತು ಗೋಳಿಬಜೆ ತಿಂದ. ಆ ಜಾಗದಲ್ಲಿ ರೇಡಿಯೋ ಮಾತ್ರ ನೀಟಾಗಿ ಮಾಡಿ, ಟ್ರೇನಿಂಗ್ ಟ್ರಾಫಿಕ್ ಜಾಸ್ತಿ, 2020ರ ಫೆಬ್ರವರಿಲಿ ಅಲ್ಲೇ ಹತ್ರ ಎರಡು ವಿಮಾನ ಡಿಕ್ಕಿಯಾಗಿ ನಾಲ್ಕು ಜನ ಹೋದ್ರು.

ಜಬಿರೂನಲ್ಲಿ 110 ಗಂಟೆ ಆದ್ಮೇಲೆ ಆರ್‌ಪಿಎಲ್‌ಗೆ (ರಿಕ್ರಿಯೇಷನಲ್ ಪೈಲಟ್ ಲೈಸೆನ್ಸ್, ಪಿಪಿಎಲ್‌ಗಿಂತ ಒಂದು ಮೆಟ್ಟಿಲು ಕೆಳಗೆ) ಫಾರ್ಮ್ ತುಂಬಿದೆ. ಆರ್‌ಪಿಸಿ ಇದ್ರೆ ಕಾಸಾ ಅದನ್ನೇ ಮಾನ್ಯ ಮಾಡಿ ಆರ್‌ಪಿಎಲ್ ಕೊಡುತ್ತೆ, ಆದ್ರೆ ಹಾರಿಸೋ ಮುಂಚೆ ಒಂದು ಫ್ಲೈಟ್ ರಿವ್ಯೂ ಬೇಕು. ರೇಡಿಯೋಗೆ ಇಂಗ್ಲಿಷ್ ಬರುತ್ತಾ ಅಂತ ಟೆಸ್ಟ್ ಬೇರೆ, ಹದಿನೈದು ವರ್ಷದಿಂದ ಇಂಗ್ಲಿಷಲ್ಲೇ ಮೀಟಿಂಗಲ್ಲಿ ಕೂಗಾಡ್ತಿರೋ ನಂಗೆ! ಮೆಡಿಕಲ್‌ಗೆ ಸೀದಾ ಪಿಪಿಎಲ್ ಮಟ್ಟದ ಕ್ಲಾಸ್ 2 ಅಂತ ಹೋದೆ, ಬೆಳಗ್ಗೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿದು. ಬಿಪಿ ನೋಡಿ ಡಾಕ್ಟರು ಸ್ಟ್ರೆಸ್ ಇಸಿಜಿಗೆ ಬರೆದ್ರು, ಆರು ವಾರ, ನಾನೂರು ಚಿಲ್ಲರೆ ಡಾಲರ್. ಎಲ್ಲ ಸರಿ ಇತ್ತು ಅನ್ನಿ. ನೀವು ಕಾಫಿ ಬಿಟ್ಟು ಹೋಗಿ.

ಪಿಪಿಎಲ್ ಥಿಯರಿ ಪರೀಕ್ಷೆಲಿ ಮೊದಲನೇ ಸಲ 66 ಬಂತು, 70 ಬೇಕು. ಹೌದು, ಡುಮ್ಕಿ. ಭಾವ ಸಿಡ್ನಿಯಿಂದ ಫೋನ್ ಮಾಡಿ ಸಂತಾಪ ಸೂಚಿಸಿದ್ರು. ಎರಡನೇ ಸಲ 88. ಮಧ್ಯದ ಮೂರು ವಾರ ಏನ್ ಮಾಡ್ದೆ ಅನ್ನೋದು ನನ್ ಹತ್ರಾನೇ ಇರ್ಲಿ, ಭಾವನ ಮಗನೂ ಬರೀತಾನೆ ಮುಂದಿನ ವರ್ಷ.

ಕಷ್ಟ ಇದ್ದಿದ್ದು ಕಂಟ್ರೋಲ್ಡ್ ಏರ್‌ಸ್ಪೇಸ್, ಟವರ್ ಹೇಳಿದ ಹಾಗೇ ಹಾರ್ಬೇಕಾದ ಜಾಗ. ಎರಡು ವರ್ಷ ಟವರ್ ಇಲ್ಲದ ಏರ್‌ಫೀಲ್ಡ್‌ಗಳ ರೇಡಿಯೋ ಫ್ರೀಕ್ವೆನ್ಸಿಲಿ (ಸಿಟಿಎಎಫ್) ನಮಗೆ ನಾವೇ ಮಾತಾಡ್ಕೊಂಡು ಇಳಿಯೋದು ಅಭ್ಯಾಸ ಆಗಿತ್ತು. 172ರಲ್ಲಿ ಮೂರಾಬಿನ್‌ಗೆ (ಮೆಲ್ಬರ್ನ್‌ನ ಟವರ್ ಇರೋ ಏರ್‌ಪೋರ್ಟ್) ಮೊದಲನೇ ಸಲ, ಜಿಎಂಎಚ್ ಅನ್ನೋ ಗುರುತಿನ ಜಾಗದ ಮೇಲೆ 1500 ಅಡಿಲಿ ರೇಡಿಯೋದಲ್ಲಿ ಕರೆದೆ, ಟವರ್‌ನೋರು ಜೋಡಿ ರನ್‌ವೇಲಿ ಎಡದ್ದು, 17 ಲೆಫ್ಟ್ ಅಂದ್ರು, ನಾನು ಬಾಯಲ್ಲಿ 17 ಲೆಫ್ಟ್ ಅಂತ ಓದಿ ಹೇಳಿ ನೀಟಾಗಿ 17 ರೈಟ್‌ಗೆ ಲೈನ್ ಅಪ್ ಆಗೋಕೆ ಹೊರಟೆ. ಪಕ್ಕದಲ್ಲಿದ್ದ ಹುಡುಗಿ ಇನ್‌ಸ್ಟ್ರಕ್ಟರ್, ನನ್ನ ಅರ್ಧ ವಯಸ್ಸು, ಒಂದೇ ಬೆರಳಲ್ಲಿ ಯೋಕ್ ತಳ್ಳಿ ಸರಿ ಮಾಡಿದ್ಲು. ಅವತ್ತು ಮನೆಗೆ ಬಂದು ಊಟ ಸೇರ್ಲಿಲ್ಲ. ಮುಂದಿನ ನಾಲ್ಕು ಶನಿವಾರ ಹಾರಿಸ್ಲೇ ಇಲ್ಲ, ಮಗಳನ್ನ ಕರ್ಕೊಂಡು, ಚಿತ್ರಾನ್ನ ಡಬ್ಬಿ ಕಟ್ಕೊಂಡು ಮೂರಾಬಿನ್ ಬೇಲಿ ಪಕ್ಕ ಕೂತೆ. ಕೈಯಲ್ಲಿ ಸೆಕೆಂಡ್‌ಹ್ಯಾಂಡ್ ಸ್ಕ್ಯಾನರ್. ಟವರ್ ಹೇಳಿದ್ದನ್ನ ಪೈಲಟ್‌ಗಿಂತ ಮುಂಚೆ ನಾನು ರೀಡ್‌ಬ್ಯಾಕ್ ಮಾಡೋದು, ಆ ವಿಮಾನ ಯಾವ ರನ್‌ವೇಗೆ ಬರುತ್ತೆ ಅಂತ ಬೆರಳು ತೋರಿಸೋದು. ತಪ್ಪಾದ್ರೆ ಮಗಳಿಗೆ ಒಂದು ಡಾಲರ್. ಮೊದಲ ಶನಿವಾರ ಅವಳು ಒಂಬತ್ತು ಗೆದ್ಲು, ನಾಲ್ಕನೇ ವಾರ ಒಂದೂ ಇಲ್ಲ, ಬೋರು ಅಂತ ಕಾರಲ್ಲಿ ಕೂತ್ಲು. ಐದನೇ ವಾರ ನಾನೇ ಒಳಗೆ ಹೋಗಿ ಇಳಿಸಿದೆ, ಇನ್‌ಸ್ಟ್ರಕ್ಟರ್ ಕೈ ಮಡಿಚ್ಕೊಂಡು ಕೂತಿದ್ಲು.

172ರಲ್ಲಿ ಒಟ್ಟು ಒಂಬತ್ತೂವರೆ ಗಂಟೆ. ಇಪ್ಪತ್ತೈದಲ್ಲ. ಟೆಸ್ಟಲ್ಲಿ ಎಕ್ಸಾಮಿನರ್ ದಾರಿ ಮಧ್ಯ ಡೈವರ್ಷನ್ ಕೊಟ್ಟು ಮ್ಯಾಂಗಲೋರ್‌ಗೆ ಹೋಗು ಅಂದ್ರು, ನಂಗೆ ನಗು ತಡ್ಕೊಳ್ಳೋಕಾಗ್ಲಿಲ್ಲ. ಆ ದಾರಿಲಿ ಯಾವ ಡ್ಯಾಮ್ ಯಾವ ಆಕಾರ ಅಂತ ಬಾಯಿಪಾಠ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಹಾರಾಟಕ್ಕೆ 9 ಸಾವಿರ ಚಿಲ್ಲರೆ, ತಿಂಗಳ ಕಂತು ಮೂರು ಸಾವಿರ, 172, ಎಕ್ಸಾಮಿನರ್, ಪರೀಕ್ಷೆ, ಕಾಫಿ ಬಿಪಿ ಎಲ್ಲ ಸೇರಿ ಆರರ ಹತ್ರ. ಹದಿನೆಂಟು ಸಾವಿರ ಅಂದ್ಕೊಳ್ಳಿ. ಅಂದ್ರೆ ಆ ಶೀಟಲ್ಲಿ ಇದ್ದಿದ್ದಕ್ಕಿಂತ ಮೂರು ಸಾವಿರ ಜಾಸ್ತಿನೇ, ಇದನ್ನ ಮುಚ್ಚಿಡಲ್ಲ, ಮುಚ್ಚಿಟ್ರೂ ಮನೇಲಿ ಎಕ್ಸೆಲ್ ನೋಡೋರಿದಾರೆ. ಆದ್ರೆ ಆ ಮೂರು ಸಾವಿರಕ್ಕೆ 110 ಗಂಟೆ ಬಂತು, ಅಷ್ಟನ್ನೇ 172 ಬಾಡಿಗೆಲಿ ಮಾಡಿದ್ರೆ 37 ಸಾವಿರ ದಾಟ್ತಿತ್ತು. ಶೇರ್ ಇನ್ನೂ ನನ್ನ ಹೆಸರಲ್ಲೇ ಇದೆ, ಇವತ್ತು ಮಾರಿದ್ರೂ ಅಸಲು ಹತ್ರ ಹತ್ರ ಬರುತ್ತೆ.

ಊರಿಗೆ ಬಂದಾಗ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಲ್ಲಿ ಹಾರಿಸ್ಬೋದಾ ಅಂತ ಕೇಳೋರಿಗೆ: ಆರ್‌ಪಿಸಿ, ಆರ್‌ಪಿಎಲ್ ಎರಡೂ ಐಕಾವೊ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಮಟ್ಟದ ಲೈಸೆನ್ಸ್ ಅಲ್ಲ, ಹೊರಗಡೆ ಹಾರಿಸೋ ಆಸೆ ಇದ್ರೆ ಪಿಪಿಎಲ್ ತನಕ ಹೋಗ್ಲೇಬೇಕು, ಆಮೇಲೆ ಭಾರತದ ಡಿಜಿಸಿಎ ಕಾಗದಪತ್ರದ ಕಥೆ ಬೇರೆ. ಇಲ್ಲೇ ಭಾನುವಾರ ಇಬ್ರು ಸುತ್ತಾಡ್ಕೊಂಡು ಬರೋದಾದ್ರೆ ಆರ್‌ಪಿಸಿಗೆ ಆ ಎರಡು ಎಂಡಾರ್ಸ್‌ಮೆಂಟ್ ಇದ್ರೆ ಸಾಕು, ಪಿಪಿಎಲ್ ಬೇಡ.

ನಾನು ಪಿಪಿಎಲ್ ಮಾಡಿದ್ದು ನಾಲ್ಕು ಸೀಟಿನ ಆಸೆಗೆ, ಹೆಂಡ್ತಿ ಮಗಳು ಇಬ್ರನ್ನೂ ಒಟ್ಟಿಗೆ ಕೂರಿಸ್ಬೇಕು ಅಂತ. ಈ ಶನಿವಾರ 172 ಬುಕ್ ಮಾಡ್ಲಾ ಅಂತ ಕೇಳಿದ್ರೆ ಮಗಳು ಬರಲ್ವಂತೆ. ಅದರಲ್ಲಿ ಅವಳಿಗೆ ಹಿಂದಿನ ಸೀಟು, ಜಬಿರೂನಲ್ಲಾದ್ರೆ ಮುಂದೆ.