ಸೂಡೋಎಫೆಡ್ರಿನ್ ಲೆಕ್ಕ ತಾಳೆಗೆ ಬಂದದ್ದು ಹೀಗೆ

ಸೂಡೋಎಫೆಡ್ರಿನ್ ಮೂಗು ಕಟ್ಟಿದ್ದಕ್ಕೆ ಕೊಡುವ ಔಷಧ, ಅದರಿಂದ ಮಾದಕ ವಸ್ತುವನ್ನೂ ಮಾಡಬಹುದಾದ್ದರಿಂದ ಸರ್ಕಾರದ ನಿಯಂತ್ರಣದಲ್ಲಿದೆ. ಮಾತ್ರೆ ಮಾಡುವಾಗ ಅದು ಕಡಿಮೆ ಬಿದ್ದರೆ ರಿಜಿಸ್ಟರ್‌ನಲ್ಲಿ ‘ಪ್ರೋಸೆಸ್ ಲಾಸ್ (ತಯಾರಿಕೆಯ ನಷ್ಟ) ಎರಡು ಪರ್ಸೆಂಟ್’ ಎಂದು ಗೀಚಿ ಕೈತೊಳೆದುಕೊಳ್ಳುವವರು ಈಗಲೂ ಇದ್ದಾರೆ. 2013ರ ನಿಯಂತ್ರಿತ ವಸ್ತುಗಳ ಆದೇಶದ ಮುಂದೆ ಅದು ನಡೆಯುವ ಮಾತಲ್ಲ. ಎನ್‌ಸಿಬಿ (ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೋ) ನೋಂದಣಿ ಸಂಖ್ಯೆ, ದಿನದ ಲೆಕ್ಕ, ಮೂರು ತಿಂಗಳ ರಿಟರ್ನ್, ಸಾಗಣೆಯ ಜೊತೆಗಿರುವ ಕನ್ಸೈನ್‌ಮೆಂಟ್ ನೋಟ್ ಇವೆಲ್ಲ ನಿಮಗೆ ಗೊತ್ತು. ತಪ್ಪಿದರೆ ಮಾದಕವಸ್ತು ಕಾಯ್ದೆ ಎನ್‌ಡಿಪಿಎಸ್‌ನ ಸೆಕ್ಷನ್ 25ಎ, ಹತ್ತು ವರ್ಷದವರೆಗೆ ಜೈಲು. ಅದನ್ನೂ ಬಲ್ಲಿರಿ.

ನಮ್ಮ ಮಾತ್ರೆ 200 ಮಿಗ್ರಾಂ, ಅದರಲ್ಲಿ ಸೂಡೋ 60. 25 ಕೆಜಿ ಡ್ರಮ್ಮಿಗೆ ಕಾಗದದ ಮೇಲೆ 4,16,666 ಮಾತ್ರೆ. ಕೈಗೆ ಬರುವುದು ಕಡಿಮೆ. ಉಳಿದದ್ದು ಎಲ್ಲಿ ಎಂಬುದಕ್ಕೆ ಗ್ರಾಂ ಗ್ರಾಮಿಗೂ ಉತ್ತರ ಬೇಕು.

ಮೊದಲ ಕಳ್ಳ ಮಾತ್ರೆಯ ತೂಕವೇ. ಸರಾಸರಿ 202ಕ್ಕೆ ಏರಿದರೆ ಡ್ರಮ್ಮಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಾತ್ರೆ ‘ಕಾಣೆ’. ಗ್ರಾಹಕನಿಗೇ ಹೋಗಿದೆ, ಕಳ್ಳತನವಲ್ಲ, ಆದರೆ ಬ್ಯಾಚ್ ಶೀಟ್‌ನ ಸರಾಸರಿ ತೂಕವನ್ನು ರಿಜಿಸ್ಟರ್‌ಗೆ ಜೋಡಿಸದಿದ್ದರೆ ಹಾಗೆಂದು ತೋರಿಸುವುದು ಹೇಗೆ? ಎರಡನೆಯದು ಯಂತ್ರದ ಧೂಳು ಹೀರುವ ಡಸ್ಟ್ ಕಲೆಕ್ಟರ್. ಚೀಲವನ್ನು ಬ್ಯಾಚಿಗೆ ಮುಂಚೆ, ಆಮೇಲೆ ತೂಗಬೇಕು. 1.4 ಕೆಜಿ ಪುಡಿ ಎಂದರೆ ಕಾಗದದ ಮೇಲೆ 30 ಪರ್ಸೆಂಟ್, 420 ಗ್ರಾಂ ಸೂಡೋ, ಅಂದರೆ ಏಳು ಸಾವಿರ ಮಾತ್ರೆ. ಆದರೆ ನಿಜಕ್ಕೂ 30 ಪರ್ಸೆಂಟ್ ಎಂದೇ ಹಿಡಿಯಬೇಡಿ. ನುಣುಪು ಪುಡಿಯಲ್ಲಿ ಪ್ರಮಾಣ ಬೇರೆ ಇರುತ್ತದೆ, ಅಸ್ಸೇ (ಔಷಧದ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿಸಿ. ಪುಡಿ ಒಣಗಿಸುವ ಯಂತ್ರ ಎಫ್‌ಬಿಡಿಯ ಚೀಲಕ್ಕೂ ಅದೇ ನಿಯಮ. ಗುಣಮಟ್ಟ ಪರೀಕ್ಷೆಯ (ಕ್ಯೂಸಿ) ಸ್ಯಾಂಪಲ್, ಮಾತ್ರೆ ಉದುರುತ್ತದೆಯೇ ಎಂದು ನೋಡುವ ಫ್ರೈಯಬಿಲಿಟಿಗೆ ಹೋದದ್ದು, ಗಟ್ಟಿತನ ನೋಡುವ ಹಾರ್ಡ್‌ನೆಸ್‌ಗೆ ಒಡೆದದ್ದು, ಎಲ್ಲಕ್ಕೂ ಒಂದೊಂದು ಸಾಲು.

ಡ್ರಮ್ಮಿನ ಮೇಲೆ ಅಚ್ಚಾದ ಟೇರ್ (ಖಾಲಿ ತೂಕ) ನಂಬಬೇಡಿ. ಖಾಲಿ ಡ್ರಮ್, ಒಳಚೀಲ ಬೇರೆ ಬೇರೆ ತೂಗಿ. ಒಳಚೀಲಕ್ಕೆ ಅಂಟಿದ ಪುಡಿ ಬಿಡಿಸಲು ನಮ್ಮದೊಂದು ಉಪಾಯ ಇದೆ, ಅದನ್ನಿಲ್ಲಿ ಬರೆಯುವುದಿಲ್ಲ.

ಖರ್ಚು? ಐದು ಗ್ರಾಂ ನಿಖರತೆಯ ತಕ್ಕಡಿ, ಎರಡು ಬೀಗದ ಕಪಾಟು, ನಂಬರ್ ಸೀಲುಗಳು, ಹೆಚ್ಚುವರಿ ಅಸ್ಸೇಗಳು, ನೆನಪಿನಂತೆ ಅರವತ್ತು ಸಾವಿರದ ಆಸುಪಾಸು. ‘ಸಣ್ಣ ಘಟಕಕ್ಕೆ ಇಷ್ಟೆಲ್ಲ ಯಾಕೆ’ ಎಂದು ನಕ್ಕವರಿದ್ದರು. ಈಗ ವಿವರಣೆ ಸಿಗದ ಕೊರತೆ ಡ್ರಮ್ಮಿಗೆ ಐವತ್ತು ಗ್ರಾಂ ಒಳಗೇ ನಿಂತಿದೆ. ನಕ್ಕವರಲ್ಲಿ ಇಬ್ಬರು ನಮ್ಮ ಶೀಟ್ ಕೇಳಿ ಒಯ್ದಿದ್ದಾರೆ.

ಬಾರ್‌ಕೋಡ್ ಸೀಲನ್ನೂ ಪರೀಕ್ಷಿಸಿದೆವು. ಪುಡಿಯನ್ನು ಹರಳಾಗಿಸುವ ಗ್ರಾನ್ಯುಲೇಶನ್ ಕೋಣೆಯ ಧೂಳಿಗೆ ಸ್ಕ್ಯಾನರ್ ಕೈಕೊಟ್ಟಿತು. ಕೈಬರಹದ ನಂಬರೇ ವಾಸಿ, ಜೊತೆಗೆ ಇಬ್ಬರ ಸಹಿ.